ಕಿಂಡಿ ತೆರೆದ ಬೇಸಿಗೆ

ಹೋದ ತಿಂಗಳು ನಾಲ್ಕು ದಿನ ರಜೆ ಹಾಕಿ ಗೋಕಾಕಕ್ಕೆ ಅವ್ವನ ಮನೆಗೆ ಹೋಗಿದ್ದೆ. ತಂಗಿ ರೇಖಾ ಎಂಟು ತಿಂಗಳ ಬಸುರಿ, ಚೊಚ್ಚಲು, ತವರಿಗೆ ಬಂದಿದ್ದಾಳೆ. ಓಣಿಯ ತಿರುವಿನಲ್ಲಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದಾಗ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಮೂಗಿಗೆ ಬಡಿಯಿತು. ಚೀಲ ಕೆಳಗಿಟ್ಟು ನಿಂತುಬಿಟ್ಟೆ. ನನ್ನ ಬಲಗೈ, ನನ್ನನ್ನು ಒಂದು ಮಾತೂ ಕೇಳದೆ, ಹೊಟ್ಟೆಯ ಮೇಲೆ ಹೋಗಿ ಕೂತಿತು. ಹೊಟ್ಟೆಯಲ್ಲಿ ಬೆಳಿಗ್ಗೆ ತಿಂದ ಅವಲಕ್ಕಿ ಬಿಟ್ಟರೆ ಏನೂ ಇರಲಿಲ್ಲ. ನನ್ನ ಮಗಳಿಗೆ ಒಂಬತ್ತು ವರ್ಷ ತುಂಬಿದೆ. ಆದರೂ ಕೈ ನೋಡಿತು: ಗಟ್ಟಿಯಾಯಿತೇ? ಎಷ್ಟು ಹೊತ್ತು ಗಟ್ಟಿಯಿದೆ?

ಗೋಕಾಕದಲ್ಲಿ ಹುಟ್ಟಿ ಅಂಟಿನ ವಾಸನೆಗೆ ಹೆದರುವವಳು ನಾನೊಬ್ಬಳೇ ಇರಬೇಕು. ಗಿಡದ ಅಂಟು ಹುರಿದು ಬೆಲ್ಲ, ಕೊಬ್ಬರಿ ಕೂಡಿಸಿ ಮಾಡುವ ಕರದಂಟಿನ ಊರು ಇದು. ಪೇಟೆಯಲ್ಲಿ ಎತ್ತ ಹೊರಳಿದರೂ ಅದೇ ವಾಸನೆ. ಪೇಟೆಯಲ್ಲಾದರೆ ಸೆರಗು ಮೂಗಿಗೆ ಹಿಡಿದು ದಾಟಿಬಿಡುತ್ತೇನೆ. ಆದರೆ ಅಂದು ಅದು ನಮ್ಮ ಓಣಿಯಲ್ಲಿ, ನಮ್ಮ ಮನೆಯ ಹತ್ತಿರವೇ ಬರುತ್ತಿತ್ತು. ನಮ್ಮ ಮನೆಯಲ್ಲೋ ಅವ್ವ ಒಂಬತ್ತು ವರ್ಷದಿಂದ ಒಂದು ಹರಳು ಅಂಟು ಒಳಗೆ ತಂದಿಲ್ಲ. ಯಾಕೆ ಎಂದು ಹೇಳಬೇಕಾದರೆ ಆ ಬೇಸಿಗೆಯನ್ನೇ ಹೇಳಬೇಕು. ಅದನ್ನು ನಾನು ಅಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ಆಗ ನಾನು ಮೂಡಲಗಿ ಕಡೆಯ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ಊರವರ ಬಾಯಲ್ಲಿ ನರ್ಸಬಾಯಿ. ಎರಡು ಕೋಣೆಯ ಕಟ್ಟಡ. ಹಿಂದುಗಡೆ ಒಂದು ಪಾಯಖಾನೆ. ಅದರ ಬಾಗಿಲಿನ ಕೆಳಗಿನ ಅರ್ಧ ಕೊಳೆತು ಉದುರಿತ್ತು, ಚಿಲಕ ಎಂದೋ ಕಿತ್ತು ಹೋಗಿತ್ತು, ನಳದಲ್ಲಿ ನೀರು ಬರುತ್ತಿರಲಿಲ್ಲ. ಎದುರಿಗೇ ಚಹಾದ ಅಂಗಡಿ, ಅಲ್ಲಿ ದಿನವಿಡೀ ಇಸ್ಪೀಟು ಆಡುವ ಗಂಡಸರು. ಅರ್ಜಿ ಬರೆದು ಬರೆದು ಸಾಕಾಗಿ ನಾನೇ ಒಂದು ಉಪಾಯ ಕಂಡುಕೊಂಡಿದ್ದೆ. ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಬೆಳಿಗ್ಗೆ ಮನೆ ಬಿಡುವಾಗ ಅರ್ಧ ಕಪ್ಪು ಚಹಾ. ಆಮೇಲೆ ಸಂಜೆ ಮನೆಗೆ ಬಂದ ಮೇಲೆಯೇ ನೀರು. ಒಂಬತ್ತು ಗಂಟೆ ತಡೆದುಕೊಳ್ಳುವುದು ನಮ್ಮಂಥವರಿಗೆ ಒಂದು ವಿದ್ಯೆ. ನಮ್ಮ ನರ್ಸುಗಳ ಮೀಟಿಂಗಿನಲ್ಲಿ ಅದನ್ನು ಹೇಳಿಕೊಂಡು ನಗುತ್ತಿದ್ದೆವು.

ತಮಾಷೆಯೆಂದರೆ ಅದೇ ಕೋಣೆಯಲ್ಲಿ ಕೂತು ಬಸುರಿಯರಿಗೆ ನಾನು ಹೇಳುತ್ತಿದ್ದದ್ದು, ‘ಬಿಸಲ ಭಾಳ ಐತಿ, ನೀರ ಜಗ್ಗಿ ಕುಡಿಬೇಕವಾ, ಇಲ್ಲಂದ್ರ ಕೂಸಿಗಿ ತ್ರಾಸ ಆಕ್ಕೈತಿ’ ಎಂದು. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ. ನಾನೂ ಆಗ ಏಳು ತಿಂಗಳ ಬಸುರಿ.

ನಮ್ಮ ಮನೆಯವರು ಹಿಡಕಲ್ ಡ್ಯಾಮಿನಲ್ಲಿ ನೀರಾವರಿ ಇಲಾಖೆಯವರು. ದಿನವೂ ನೀರಿನ ಮಟ್ಟ ನೋಡಿ ಬರೆಯುವ ಕೆಲಸ. ಅತ್ತೆಯ ಊರು ಹುಕ್ಕೇರಿ ತಾಲೂಕಿನದು. ಅಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ ನನ್ನನ್ನು ತವರಿಗೆ ಕಳಿಸಿದರು. ಹೆರಿಗೆ ರಜೆಯನ್ನು ಕೂಸು ಹುಟ್ಟಿದ ಮೇಲೆ ಪೂರ್ತಿ ಬಳಸಬೇಕೆಂಬ ಆಸೆ ನನಗೆ. ಹಾಗಾಗಿ ಗೋಕಾಕದಿಂದಲೇ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಒಂದು ವಾರದಿಂದ ಮೂತ್ರ ಉರಿಯುತ್ತಿತ್ತು. ಬಿಸಿಲಿಗೆ ಎಂದುಕೊಂಡೆ. ಬೇರೆ ಯಾವಳಾದರೂ ಬಂದು ಹೀಗೆ ಹೇಳಿದ್ದರೆ ಬೈದು ಪರೀಕ್ಷೆಗೆ ಕಳಿಸುತ್ತಿದ್ದೆ.

ನನ್ನ ಅವ್ವ ಶಾಂತವ್ವ ಕರದಂಟು ಮಾಡುವ ಒಂದು ಮನೆಯಲ್ಲಿ ಇಪ್ಪತ್ತು ವರ್ಷದಿಂದ ಅಂಟು ಆರಿಸಿ ಹುರಿಯುತ್ತಿದ್ದಳು. ಹುರಿಯುವುದು ಸುಲಭವಲ್ಲ. ತುಪ್ಪ ಹೆಚ್ಚು ಕಾಯ್ದರೆ ಅಂಟು ಮೇಲೆ ಅರಳಿ ಒಳಗೆ ಹಸಿಯಾಗಿ ಉಳಿಯುತ್ತದೆ, ಹಲ್ಲಿಗೆ ಹತ್ತಿಕೊಳ್ಳುತ್ತದೆ. ಅವ್ವ ಮೊದಲು ಒಂದೇ ಒಂದು ಹರಳು ಬಿಟ್ಟು, ತೆಗೆದು, ಎರಡು ಬೆರಳಲ್ಲಿ ಪುಡಿ ಮಾಡಿ ನೋಡಿ ಆಮೇಲೆ ಕೈ ಹಾಕುವವಳು. ಮಾಲೀಕರ ಹೆಂಡತಿಯೇ ‘ಶಾಂತವ್ವನ ಕೈ ಇರಲಿ’ ಅನ್ನುತ್ತಿದ್ದರಂತೆ. ಅದನ್ನು ಅವ್ವ ನನಗೆ ನೂರು ಸಲ ಹೇಳಿದ್ದಾಳೆ.

ಒಂದು ಆದಿತ್ಯವಾರ ಊಟವಾದ ಮೇಲೆ ಅವ್ವ ಒಲೆಯ ಮೇಲೆ ಬೋಗುಣಿ ಇಟ್ಟಳು. ನಾನು ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದೆ. ನಮ್ಮ ಓಣಿಯ ಮನೆಗಳು ಒಂದಕ್ಕೊಂದು ಹತ್ತಿಕೊಂಡಿವೆ, ನಡುವೆ ಒಂದೇ ಗೋಡೆ. ಪ್ರತಿ ಗೋಡೆಯಲ್ಲೂ ಕೈ ಹಾಯುವಷ್ಟು ಒಂದು ಕಿಂಡಿ. ಹಿಂದಿನವರು ಕೆಂಡ, ಮಜ್ಜಿಗೆ ಕೊಡಲು ತೆಗೆದಿದ್ದರೋ ಏನೋ. ನಮ್ಮ ಕಾಲಕ್ಕೆ ಮುಖ್ಯವಾಗಿ ಸುದ್ದಿ ಹೋಗುತ್ತಿತ್ತು. ಮೊದಲ ಮನೆಯಲ್ಲಿ ಸೀನಿದರೆ ಕೊನೆಯ ಮನೆಯಲ್ಲಿ ‘ಚಿರಂಜೀವಿ’ ಅನ್ನುತ್ತಿದ್ದರು.

ಕಿಂಡಿಯಿಂದ ಪಕ್ಕದ ಮನೆಯ ಜೈನಾಬಿ ಚಾಚಿಯ ದನಿ ಬಂತು. ‘ಏ ಶಾಂತವ್ವ, ಅಂಟಿನ ವಾಸ್ನಿ ಬರಾಕತ್ತೇತಿ. ಈಗಿಂದನ ಬಾಣಂತಿ ಉಂಡಿ ಏನ?’

‘ಉಂಡಿ ಕಟ್ಟಂಗಿಲ್ಲಬೇ, ಅಂಟಷ್ಟ ಹುರದ ಇಡ್ತೇನಿ’ ಎಂದಳು ಅವ್ವ. ‘ಈ ಸಲದ ಮಾಲ ಅಗದಿ ಛಲೋ ಐತಿ. ನಾಳೆ ಲಗ್ನದ ಸೀಜನ್ ಸುರು ಆತಂದ್ರ ನನಗ ಉಸರ ಬಿಡಾಕ ಪುರಸತ್ತ ಇರಂಗಿಲ್ಲ.’

ಅಂಟು ತುಪ್ಪದಲ್ಲಿ ಪಟಪಟ ಅರಳುತ್ತಿತ್ತು. ಆಗ ನನ್ನ ಹೊಟ್ಟೆ ಒಮ್ಮೆ ಗಟ್ಟಿಯಾಯಿತು. ನೋವಿಲ್ಲ, ಬರೀ ಗಟ್ಟಿ. ಸಡಿಲವಾಯಿತು. ಇಂಥವು ಮೊದಲೂ ಬಂದು ಹೋಗಿದ್ದವು, ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ. ಕೈ ಹೊಟ್ಟೆಯ ಮೇಲೆ ಇಟ್ಟೆ. ಹೆರಿಗೆ ಕೋಣೆಯಲ್ಲಿ ನಾವು ಕಲಿಯುವ ಮೊದಲ ಕೆಲಸವೇ ಅದು: ಅಂಗೈ ಹೊಟ್ಟೆಯ ಮೇಲಿಟ್ಟು, ಕಣ್ಣು ಗಡಿಯಾರದ ಮೇಲಿಟ್ಟು, ಬ್ಯಾನಿ ಎಷ್ಟೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸುವುದು. ನೂರಾರು ಹೆಂಗಸರ ಹೊಟ್ಟೆ ಎಣಿಸಿದ ಕೈ. ಗೋಡೆಯ ಗಡಿಯಾರ ನೋಡುತ್ತ ಕೂತೆ. ಅರ್ಧ ಗಂಟೆಯಲ್ಲಿ ಐದು ಸಲ ಬಂತು. ಐದನೆಯದಕ್ಕೆ ಸೊಂಟದಿಂದ ನೋವೂ ಬಂತು.

ಏನೂ ಅರಿಯದ ಹೆಂಗಸಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ನನಗೆ ಎಲ್ಲ ಗೊತ್ತಿತ್ತು, ಅದೇ ನನ್ನ ಗ್ರಹಚಾರ.

ನರ್ಸಿಂಗ್ ಓದುವಾಗ ನಮ್ಮ ಟೀಚರು ಒಂದು ಪಾಠ ಮಾಡಿದ್ದರು. ಹೃದಯಕ್ಕೆ ಹುಕುಂ ಕೊಡುವ ಜಾಗವೊಂದಿದೆ, ಅಲ್ಲಿಂದ ಹೊರಟ ಮಾತಿಗೆ ಇಡೀ ಹೃದಯ ಬಡಿಯುತ್ತದೆ. ಗರ್ಭಕೋಶಕ್ಕೆ ಹಾಗೊಬ್ಬ ಗೌಡನಿಲ್ಲ. ಲೆಕ್ಕವಿಲ್ಲದಷ್ಟು ಸ್ನಾಯುಕೋಶಗಳು, ಒಂದೊಂದೂ ಬಾಗಿಲು ಹಾಕಿಕೊಂಡ ಮನೆ. ಬಸುರಿನ ದಿನಗಳಲ್ಲಿ ಮೈಯೊಳಗಿನ ರಸವೊಂದು ಅವುಗಳಿಗೆ ಸುಮ್ಮನಿರಿ, ಸುಮ್ಮನಿರಿ ಅನ್ನುತ್ತಲೇ ಇರುತ್ತದೆ. ಯಾವುದೋ ಒಂದು ಕೋಶ ತನ್ನಷ್ಟಕ್ಕೆ ಬಿಗಿದುಕೊಂಡರೂ ಬಾಜೂದ್ದಕ್ಕೆ ಅದು ಕೇಳಿಸುವುದಿಲ್ಲ. ಅಲ್ಲಲ್ಲಿ ಒಂದಿಷ್ಟು ಬಿಗಿದು ಸಡಿಲಾಗುತ್ತದೆ, ಅದು ಸುಳ್ಳು ಬ್ಯಾನಿ. ದಿನ ತುಂಬಿದಾಗ ಕೋಶಕ್ಕೂ ಕೋಶಕ್ಕೂ ನಡುವೆ ಸಣ್ಣ ಸಣ್ಣ ದಾರಿಗಳು ಏಳುತ್ತವೆ. ಒಂದರೊಳಗಿನ ಉಪ್ಪಿನಂಶ, ಮಿಂಚಿನಂಥ ಸಂಚಲನ, ಸೀದಾ ಪಕ್ಕದ್ದಕ್ಕೆ ಹೋಗುತ್ತದೆ. ಅದರಿಂದ ಅದರ ಪಕ್ಕದ್ದಕ್ಕೆ. ಮಾತು ಎಲ್ಲಿಂದ ಹುಟ್ಟಿತೆಂದು ಹೇಳಲು ಬರುವುದಿಲ್ಲ. ಆದರೆ ಎಲ್ಲರೂ ಕೇಳಿಸಿಕೊಂಡು ಎಲ್ಲರೂ ಒಟ್ಟಿಗೆ ಹಿಂಡುತ್ತಾರೆ. ಅದು ಖರೆ ಬ್ಯಾನಿ. ಪಾಠ ಕೇಳುವಾಗ ನಾನು ನಮ್ಮ ಓಣಿಯ ಕಿಂಡಿಗಳನ್ನು ನೆನೆಸಿಕೊಂಡು ಒಬ್ಬಳೇ ನಕ್ಕಿದ್ದೆ, ಟೀಚರಿಂದ ಬೈಸಿಕೊಂಡಿದ್ದೆ.

ಈಗ ಅಡಿಗೆಮನೆಯಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು, ನನ್ನೊಳಗೆ ಎಷ್ಟು ಕಿಂಡಿ ತೆರೆದಿವೆ ಎಂದು ನಡುಗುತ್ತಿದ್ದೆ. ಏಳು ತಿಂಗಳ ಕೂಸು. ಅದಕ್ಕೆ ಇನ್ನೂ ಉಸಿರಾಡಲು ಬರುವುದಿಲ್ಲ.

‘ಅವ್ವಾ, ಬ್ಯಾನಿ ಬರಾಕತ್ತಾವು’ ಎಂದೆ.

ಅವ್ವನ ಕೈಯಲ್ಲಿದ್ದ ಜಾಲಿ ಸೌಟು ಕೆಳಗೆ ಬಿತ್ತು. ಆದರೆ ಅವಳು ಹಳೆಯ ಕಾಲದವಳು, ಮೊದಲು ಮಾಡಿದ್ದು ಜೀರಿಗೆ ಕಷಾಯ. ‘ಕುಡಿ. ಸುಳ್ಳ ಬ್ಯಾನಿ ಇದ್ರ ನಿಲ್ತಾವು, ಖರೆ ಇದ್ರ ಜೋರ ಆಕ್ಕಾವು’ ಎಂದಳು. ಊರೂರು ತಿರುಗಿ ‘ಕಷಾಯ ಕುಡಿಸಿಕೊಂಡ ಕುಂದ್ರಬ್ಯಾಡ್ರಿ, ದವಾಖಾನಿಗಿ ಬರ್ರಿ’ ಎಂದು ಹೇಳಿದ ನಾನೇ ಗಟಗಟ ಕುಡಿದೆ. ಹೆದರಿಕೆ ಅಂದರೆ ಹಾಗೆ. ನಿಲ್ಲಲಿಲ್ಲ. ಕಿಂಡಿಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಜೈನಾಬಿ ಚಾಚಿ ತನ್ನ ಮಗನನ್ನು ಉಂಡ ಕೈಯಲ್ಲೇ ಎಬ್ಬಿಸಿ ಆಟೋ ತರಿಸಿದ್ದಳು. ಒಲೆ ಆರಿಸಿ, ಹುರಿದ ಅಂಟನ್ನು ಬುಟ್ಟಿಯಲ್ಲಿ ಹಾಗೇ ಬಿಟ್ಟು ಹೊರಟೆವು.

ದವಾಖಾನೆಯ ಡಾಕ್ಟರಬಾಯಿ ಕೈ ಇಟ್ಟು ನೋಡಿ, ಒಳಗೆ ಪರೀಕ್ಷೆ ಮಾಡಿ, ‘ಗರ್ಭದ ಬಾಯಿ ತೆರೆದಿಲ್ಲ, ಮೆತ್ತಗ ಆಗೇತಿ’ ಎಂದರು. ಸಲಾಯಿನ್ ಹಚ್ಚಿದರು. ಬಿಗಿತ ತಡೆಯುವ ಗುಳಿಗೆ, ಕೂಸಿನ ಶ್ವಾಸಕೋಶ ಬಲಿಯಲು ಸೂಜಿ. ಮೂತ್ರದ ರಿಪೋರ್ಟು ಬಂದಾಗ ಅವ್ವನನ್ನು ಔಷಧ ತರಲು ಕಳಿಸಿ ಬಾಗಿಲು ಮುಂದೆ ಮಾಡಿದರು.

‘ಡ್ಯೂಟಿ ಮ್ಯಾಲೆ ನೀರ ಕುಡಿತೀರಿ?’

‘ಕುಡಿತೇನ್ರಿ.’

‘ನಾನೂ ಹಳ್ಳಿ ದವಾಖಾನಿಯೊಳಗ ಮೂರ ವರ್ಷ ದುಡದೇನ್ರಿ. ಖರೆ ಹೇಳ್ರಿ.’

ನಾನು ಅಳತೊಡಗಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ‘ಸೋಂಕು ಆಗೇತಿ, ಮೈಯಾಗ ನೀರಿಲ್ಲ’ ಎಂದರು. ‘ಸೋಂಕು ಬಂದ್ರ ಅಲ್ಲಿ ಸುತ್ತಮುತ್ತ ಬಾವು ಬರ್ತೈತಿ. ಸುಮ್ನಿರು ಅನ್ನೂ ಮಾತ ಗರ್ಭದ ಕೋಶಗಳಿಗೆ ಕೇಳದಂಗ ಆಕ್ಕೈತಿ. ಟೈಮಿಗಿಂತ ಮೊದ್ಲ ದಾರಿ ತಗೊಂಡು ಒಂದಕ್ಕೊಂದು ಮಾತಾಡಾಕ ಸುರು ಮಾಡ್ತಾವು. ಈಗ ಅರ್ಧ ಓಣಿ ಮಾತಾಡಾಕತ್ತೇತಿ ಅನ್ಕೋರಿ. ಇಡೀ ಓಣಿ ಮಾತಾಡಿದ್ರ ನನ್ನ ಕೈಲೆ ತಡಿಯೂದು ಆಗಂಗಿಲ್ಲ.’

ಓಣಿ ಎಂಬ ಮಾತು ಅವರಿಗೆ ಹೇಗೆ ಹೊಳೆಯಿತೋ. ಅದನ್ನು ಕೇಳಿ ನನ್ನ ಹೆದರಿಕೆ ಇಮ್ಮಡಿಯಾಯಿತು.

ಮೂರು ದಿನಕ್ಕೆ ಬಿಗಿತ ಇಳಿಯಿತು. ಸೋಂಕಿನ ಮಾತ್ರೆ ಕೊಟ್ಟು, ಓಡಾಡಬೇಡ, ನೀರು ಕುಡಿ ಎಂದು ಹೇಳಿ ಮನೆಗೆ ಕಳಿಸಿದರು. ಮನೆಗೆ ಬಂದ ಮರುದಿನ ಹುಕ್ಕೇರಿ ಕಡೆಯಿಂದ ಅತ್ತೆ ಬಂದರು. ಬುತ್ತಿಯ ಗಂಟು ಕೆಳಗಿಟ್ಟು, ನನ್ನ ಹಣೆ ಮುಟ್ಟಿ ನೋಡಿ, ನೀರಿಗೆಂದು ಅಡಿಗೆಮನೆಗೆ ಹೋದವರು ಅಲ್ಲೇ ನಿಂತುಬಿಟ್ಟರು. ಬುಟ್ಟಿಯಲ್ಲಿ ಹುರಿದ ಅಂಟು ಹಾಗೇ ಇತ್ತು.

‘ಇದೇನ ಶಾಂತವ್ವ? ಕೂಸು ಹುಟ್ಟೂಕಿಂತ ಮೊದ್ಲ ಕುಲಾಯಿ ಹೊಲದಂಗ! ಏಳ ತಿಂಗಳಿಗಿ ಬಾಣಂತಿ ಅಂಟ ಹುರೀತಾರೇನ ಯಾರರ? ವಾಸ್ನಿ ಹತ್ತಿ ಕೂಸು ಬರಾಕ ಅವಸರ ಮಾಡೇತಿ.’

ಅವ್ವ ನನ್ನ ಕಡೆ ನೋಡಿದಳು. ನಾನು ನರ್ಸು, ನಾನು ಓದಿದವಳು, ನಾನು ಹೇಳಬೇಕಿತ್ತು: ಅತ್ತಿ, ಅಂಟಿಗೂ ಇದಕ್ಕೂ ಸಂಬಂಧವಿಲ್ಲ, ನಾನು ನೀರು ಕುಡಿಯಲಿಲ್ಲ, ಸೋಂಕಾಗಿದೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದರ ಮುಂದಿನ ಮಾತೂ ನನಗೆ ಕೇಳಿಸಿತ್ತು: ಯಾಕ ಕುಡೀಲಿಲ್ಲ? ಡ್ಯೂಟಿಯೊಳಗ ಪಾಯಖಾನಿಗೆ ಬಾಗಲಾ ಇಲ್ಲ. ಹಂಗಿದ್ರ ಅಂಥಾ ನೌಕರಿ ಯಾಕ ಬೇಕ, ಬಿಡು. ಅತ್ತೆಗೆ ನನ್ನ ನೌಕರಿ ಮೊದಲಿನಿಂದಲೂ ಸೇರುತ್ತಿರಲಿಲ್ಲ. ನೌಕರಿ ಹೋದರೆ ನಾನು ಯಾರು? ನಾನು ಗೋಡೆಯ ಕಡೆ ಹೊರಳಿ ಮಲಗಿದೆ.

ಅವ್ವ ಆ ಬುಟ್ಟಿಯನ್ನು ಎತ್ತಿ ಹೊರಗೆ ಒಯ್ದಳು. ಆಮೇಲೆ ಅದನ್ನು ಏನು ಮಾಡಿದಳೋ ನಾನು ಕೇಳಲಿಲ್ಲ. ಮರುವಾರ ಅವಳು ಕೆಲಸಕ್ಕೆ ಹೋಗಲಿಲ್ಲ, ಅದರ ಮರುವಾರವೂ ಹೋಗಲಿಲ್ಲ. ಕರದಂಟಿನ ಮನೆಯವರು ಕರೆಯಲು ಬಂದರೆ ‘ನನ್ನ ಕೈ ಛಲೋ ಇಲ್ರಿ, ಬ್ಯಾರೇದಾರನ ನೋಡ್ಕೋರಿ’ ಎಂದಳು. ನಾನು ಒಳಗೆ ಮಲಗಿ ಕೇಳಿಸಿಕೊಂಡೆ. ಆಗಲೂ ಬಾಯಿ ಬಿಡಲಿಲ್ಲ. ಕೂಸು ಹುಟ್ಟಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಆ ಐದು ವಾರ ನಾನು ಬದುಕಿದ್ದು ಒಂದು ಅಂಗೈಯಲ್ಲಿ. ಹಗಲು ಪತ್ರಾಸಿನ ತಗಡಿನ ಛಾವಣಿ ಕಾಯ್ದು ಕೋಣೆ ಕುದಿಯುತ್ತಿತ್ತು. ಎಡಗೈಯಲ್ಲಿ ಬೀಸಣಿಗೆ, ಬಲಗೈ ಹೊಟ್ಟೆಯ ಮೇಲೆ. ಒಮ್ಮೆ ಗಟ್ಟಿಯಾದರೆ ಉಸಿರು ನಿಲ್ಲುತ್ತಿತ್ತು. ಸುಮ್ಮನಿರ್ರಿ, ಮಾತಾಡಬೇಡಿರಿ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದು ನನ್ನದೇ ಮಾಂಸಕ್ಕೆ ಕೈ ಮುಗಿಯುತ್ತಿದ್ದೆ. ಯಾರ ಬಾಗಿಲು ಎಲ್ಲಿ ತೆರೆಯುತ್ತಿದೆಯೋ ಕಾಣುವಂತಿಲ್ಲ, ಹೋಗಿ ಮುಚ್ಚುವಂತಿಲ್ಲ. ದೆವ್ವಕ್ಕೆ ಹೆದರಿದರೆ ದೀಪ ಹಚ್ಚಬಹುದು. ನನ್ನ ಹೆದರಿಕೆ ನನ್ನೊಳಗೇ ಕೂತಿತ್ತು, ಅದಕ್ಕೆ ಯಾವ ದೀಪ? ಅವ್ವ ಗಂಟೆಗೊಮ್ಮೆ ತಂಬಿಗೆ ನೀರು ತಂದು ಕುಡಿಸುತ್ತಿದ್ದಳು. ಡಾಕ್ಟರಬಾಯಿ ಹೇಳಿದ್ದಾರೆಂದಷ್ಟೇ ಅವಳಿಗೆ ಗೊತ್ತು. ಕೊಡುವಾಗ ಅವಳ ಬೆರಳು ನನಗೆ ತಾಗದಂತೆ ತಂಬಿಗೆಯ ಕಂಠ ಹಿಡಿದು ಕೊಡುತ್ತಿದ್ದಳು. ಅದು ಯಾಕೆಂದು ನನಗೆ ತಿಳಿಯಿತು, ತಿಳಿಯದವಳಂತೆ ಕುಡಿದೆ.

ನಮ್ಮ ಮನೆಯವರು ದಿನಾ ಡ್ಯಾಮಿನಿಂದ ಫೋನು ಮಾಡುತ್ತಿದ್ದರು. ಹೆದರಿದಾಗ ಅವರಿಗೆ ಬೇರೆ ಮಾತು ಬರುವುದಿಲ್ಲ, ನೀರಿನ ಮಟ್ಟ ಹೇಳುತ್ತಾರೆ. ‘ಇವತ್ತ ಮತ್ತ ಇಳೀತ ನೋಡ. ಮಳಿ ಬರೂತನಕ ಹಿಂಗ’ ಎಂದು. ‘ಬರ್ಲಿ ತಗೋರಿ, ಅವಸರೇನೈತಿ’ ಅನ್ನುತ್ತಿದ್ದೆ. ಇಡೀ ಸೀಮೆ ಮಳೆಗಾಗಿ ಕಾಯುವಾಗ ನಾನು ಮಾತ್ರ ದಿನಗಳು ಇನ್ನೂ ಇನ್ನೂ ಉದ್ದವಾಗಲಿ ಎಂದು ಕಾಯುತ್ತಿದ್ದೆ.

ಒಂದು ಮಧ್ಯಾಹ್ನ ಅವ್ವ ರೇಷನ್ನಿಗೆ ಹೋಗಿದ್ದಳು. ಡಾಕ್ಟರಬಾಯಿಗೆ ಫೋನು ಹಚ್ಚಿ, ಮತ್ತೆ ಉರಿ ಬಂದಿಲ್ಲ, ನೀರು ಕುಡಿಯುತ್ತಿದ್ದೇನೆ ಎಂದು ಹೇಳಿ, ಆಮೇಲೆ ತಡೆಯಲಾರದೆ ಕೇಳಿದೆ: ‘ಮೇಡಂ, ನಾ ಡ್ಯೂಟಿಯೊಳಗ ನೀರ ಕುಡೀಲಾರ್ದಕ್ಕನ ಇಷ್ಟೆಲ್ಲಾ ಆತಲ್ರಿ? ನನ್ನ ತಪ್ಪಲ್ರಿ?’ ಅವರು ಏನೋ ಸಮಾಧಾನ ಹೇಳಿದರು. ಫೋನು ಇಟ್ಟು ತಲೆ ಎತ್ತಿದರೆ ಕಿಂಡಿಯ ಆಚೆ ಜೈನಾಬಿ ಚಾಚಿಯ ಹಸಿರು ಬಳೆಯ ಕೈ, ಮಜ್ಜಿಗೆಯ ಲೋಟ ಹಿಡಿದುಕೊಂಡು ಅಲ್ಲೇ ನಿಂತಿತ್ತು. ನನ್ನ ಜೀವ ಹೋಯಿತು. ಇಡೀ ಓಣಿಗೆ ಸುದ್ದಿ ಮುಟ್ಟಿಸುವ ಕಿಂಡಿ ಅದು. ಚಾಚಿ ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಕೈ ಹಿಂದೆಳೆದುಕೊಂಡಳು.

ಮುಂಗಾರಿನ ಮಿರಗದ ಮಳೆ ಹನಿಯುವ ಮೊದಲೇ, ಎಂಟನೆಯ ತಿಂಗಳು ತುಂಬಿ ಕೆಲವೇ ದಿನಗಳಾಗಿದ್ದಾಗ, ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ನೀರು ಒಡೆಯಿತು. ಆಟೋದಲ್ಲಿ ಕೂರುವಷ್ಟರಲ್ಲಿ ಬ್ಯಾನಿ ಬಂತು. ಅದು ಬಂದ ರೀತಿಗೇ ಗೊತ್ತಾಯಿತು, ಇನ್ನು ಕೈ ಮುಗಿದು ಪ್ರಯೋಜನವಿಲ್ಲ, ಎಲ್ಲ ಬಾಗಿಲೂ ತೆರೆದಿವೆ. ಮಧ್ಯಾಹ್ನದೊಳಗೆ ಕೂಸು ಹುಟ್ಟಿತು. ಹೆಣ್ಣು. ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅತ್ತಿತು. ಅತ್ತಿತಲ್ಲ, ಉಸಿರಿದೆ! ಕೂಸಿನ ಡಾಕ್ಟರು ಬಟ್ಟೆಯಲ್ಲಿ ಸುತ್ತಿ ಪಕ್ಕದ ಕೋಣೆಯ ಬೆಚ್ಚಗಿನ ಪೆಟ್ಟಿಗೆಗೆ ಒಯ್ದರು. ನಾನು ಕಣ್ಣು ಮುಚ್ಚಿ ದೇವರನ್ನು ನೆನೆಯುವಷ್ಟರಲ್ಲಿ ಬೆನ್ನ ಕೆಳಗೆ ಬೆಚ್ಚಗಾಗತೊಡಗಿತು.

ಮಾಸು ಬಿದ್ದಾಗಿತ್ತು. ಅದರ ನಂತರ ಗರ್ಭಕೋಶ ಕಲ್ಲಿನ ಹಾಗೆ ಗಟ್ಟಿಯಾಗಬೇಕು. ಹೆಣೆದುಕೊಂಡ ಆ ಸ್ನಾಯುಗಳೇ ಬಿಗಿದು, ನಡುವೆ ಹಾಯುವ ರಕ್ತನಾಳಗಳನ್ನು ಹಿಸುಕಿ ಮುಚ್ಚಬೇಕು. ಬೇರೆ ಬೀಗವಿಲ್ಲ. ನಾನು ಕೈ ಹೊಟ್ಟೆಯ ಮೇಲೆ ಇಟ್ಟೆ. ಕೈಗೆ ಏನೂ ಸಿಗಲಿಲ್ಲ, ಕಲಸಿದ ಹಿಟ್ಟಿನ ಹಾಗೆ ಮೆತ್ತಗೆ ಒಳಗೆ ಹೋಯಿತು. ದಣಿದವೋ, ಹೆದರಿದವೋ, ಐದು ವಾರ ಸುಮ್ಮನಿರಿ ಎಂದು ಬೇಡಿಕೊಂಡದ್ದನ್ನು ಈಗ ಕೇಳಿದವೋ, ಅವು ಮಾತು ನಿಲ್ಲಿಸಿದ್ದವು.

‘ಮೇಡಂ, ಗಟ್ಟಿ ಇಲ್ಲ’ ಎಂದೆ. ನನ್ನ ದನಿ ನನಗೇ ದೂರದಲ್ಲಿ ಕೇಳಿತು.

ಡಾಕ್ಟರಬಾಯಿ ಆಗಲೇ ಹೊಟ್ಟೆಯ ಮೇಲೆ ಕೈ ಒತ್ತಿ ತಿಕ್ಕುತ್ತಿದ್ದರು. ‘ಸೂಜಿ ಕೊಡ್ರಿ, ಸಲಾಯಿನ್ ಓಡಸ್ರಿ ಲಗೂ’ ಎಂದು ಕೂಗಿದರು. ಬಾಗಿಲಲ್ಲಿ ಅವ್ವನ ಮುಖ ಕಂಡಿತು. ಅವಳು ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು. ನಾನು ಬಚಾವಾಗದೆ ಹೋದರೆ ಅವ್ವ ಸಾಯುವತನಕ ತಾನೇ ಮಗಳನ್ನು ಕೊಂದೆ ಅಂದುಕೊಳ್ಳುತ್ತಾಳೆ. ಆ ವಿಚಾರ ಬಂದಾಗ ನನಗಾದ ಹೆದರಿಕೆ, ಸಾವಿನ ಹೆದರಿಕೆಗಿಂತ ದೊಡ್ಡದಾಗಿತ್ತು. ಮಾತಾಡಿರಿ, ಮಾತಾಡಿರಿ, ಒಬ್ಬರಾದರೂ ಬಾಯಿ ಬಿಡಿರಿ ಎಂದು ಒಳಗೊಳಗೇ ಚೀರಿದೆ. ಅದನ್ನು ಕೋಶಗಳಿಗೆ ಹೇಳಿದೆನೋ ನನಗೆ ನಾನೇ ಹೇಳಿಕೊಂಡೆನೋ ತಿಳಿಯದು.

ಎಷ್ಟು ಹೊತ್ತಾಯಿತೋ. ಡಾಕ್ಟರಬಾಯಿಯ ಕೈಯ ಕೆಳಗೆ ಒಂದು ಮೂಲೆ ಬಿಗಿಯಿತು. ಆಮೇಲೆ ಅದರ ಬಾಜೂ. ಆಮೇಲೆ ಸರಸರ ಇಡೀ ಗರ್ಭಕೋಶ ಮುದುಡಿ ಗಟ್ಟಿ ಗುಂಡಾಯಿತು. ‘ಬಂತು, ಬಂತು’ ಎಂದರು ಅವರು. ಆ ನೋವಿನಷ್ಟು ಸುಖ ನಾನು ಬೇರೆ ಕಂಡಿಲ್ಲ.

ಕೂಸು ಹದಿನೆಂಟು ದಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂತು. ನನ್ನ ಬಾಣಂತನಕ್ಕೆ ಅಂಟಿನ ಉಂಡೆ ಇರಲಿಲ್ಲ. ಗೋಕಾಕದವರ ಮನೆಯಲ್ಲಿ ಉಂಡೆಯಿಲ್ಲದ ಬಾಣಂತಿ! ಕಂಡವರೆಲ್ಲ ಆಡಿಕೊಂಡರು. ಅವ್ವ ತುಟಿ ಎರಡು ಮಾಡಲಿಲ್ಲ. ಕರದಂಟಿನ ಮನೆಗೆ ಅವಳು ಮತ್ತೆ ಹೋಗಲೇ ಇಲ್ಲ. ರೊಟ್ಟಿ ಬಡಿದು ಖಾನಾವಳಿಗೆ ಕೊಡುವ ಕೆಲಸ ಹಿಡಿದಳು. ನಾಳೆ ಹೇಳುತ್ತೇನೆ, ಹಬ್ಬಕ್ಕೆ ಹೇಳುತ್ತೇನೆ, ಕೂಸಿನ ಜಾವಳಕ್ಕೆ ಹೇಳುತ್ತೇನೆ ಎಂದು ನಾನು ಮುಂದೆ ಹಾಕುತ್ತ ಹೋದೆ. ಅತ್ತೆ ಹೋದ ವರ್ಷ ತೀರಿಕೊಂಡರು. ತೀರಿಕೊಳ್ಳುವ ತನಕ ಮಂದಿಯ ಮುಂದೆ ಆ ಅಂಟಿನ ಕಥೆ ಹೇಳುತ್ತಲೇ ಇದ್ದರು, ಅವ್ವ ತಲೆ ತಗ್ಗಿಸಿ ಕೇಳುತ್ತಲೇ ಇದ್ದಳು.

ಹೋದ ತಿಂಗಳು ಓಣಿಯ ತಿರುವಿನಲ್ಲಿ ನಿಂತಿದ್ದವಳು ಕಡೆಗೂ ಚೀಲ ಎತ್ತಿಕೊಂಡು ಮನೆಯೊಳಗೆ ಹೋದೆ. ವಾಸನೆ ಕಿಂಡಿಯಿಂದಲೇ ಬರುತ್ತಿತ್ತು. ಅವ್ವ ಕಿಂಡಿಗೆ ಅರಿವೆ ತುರುಕುತ್ತಿದ್ದಳು. ‘ಚಾಚಿಗಿ ಬುದ್ಧಿ ಐತೇನ? ರೇಖಾ ಎಂಟ ತಿಂಗಳದಾಕಿ ಒಳಗ ಮಲಗ್ಯಾಳ’ ಎಂದು ಗೊಣಗುತ್ತಿದ್ದಳು. ನಾನು ಚೀಲ ಇಟ್ಟು ಪಕ್ಕದ ಮನೆಗೆ ಓಡಿದೆ.

ಜೈನಾಬಿ ಚಾಚಿಗೆ ಈಗ ಕಣ್ಣು ಮಂಜು, ಆದರೂ ಒಲೆಯ ಮುಂದೆ ಕೂತು ಅಂಟು ಹುರಿಯುತ್ತಿದ್ದಳು. ಅರ್ಧ ಕರಕಾಗಿತ್ತು.

‘ಚಾಚಿ, ಯಾಕ ಹಿಂಗ ಮಾಡ್ತೀ?’

‘ಯಾಕಂದ್ರ ನಿಮ್ಮವ್ವ ಹುರಿಯಂಗಿಲ್ಲ, ನೀ ಬಾಯಿ ಬಿಡಂಗಿಲ್ಲ’ ಎಂದಳು ಚಾಚಿ, ತಲೆ ಎತ್ತದೆ. ‘ಅವತ್ತ ಫೋನಿನ್ಯಾಗ ನೀ ಅಂದದ್ದು ಈ ಕಿಂಡಿಯಾಗ ಬಂತು, ಆ ಕಿಂಡಿಗಿ ಹೋಗ್ಲಿಲ್ಲ. ಒಂಬತ್ತ ವರ್ಷ ನನ್ನ ಹೊಟ್ಟಿಯೊಳಗ ಇಟ್ಕೊಂಡೇನಿ. ನಂದೇನ ಅದು ಹೇಳೂದು? ನೀ ಹೇಳತಿ ಅಂತ ಕಾದೆ ಕಾದೆ. ಇನ್ನ ನನಗ ವಯಸ್ಸಾತವಾ.’

ಮನೆಗೆ ಬಂದು ಅವ್ವನ ಮುಂದೆ ಕೂತೆ. ರೇಖಾ ಎದ್ದು ಬಾಗಿಲಿಗೆ ಬಂದಿದ್ದಳು. ಹೇಳಿದೆ. ಪಾಯಖಾನೆ, ಇಸ್ಪೀಟಿನ ಗಂಡಸರು, ಉರಿ, ಡಾಕ್ಟರಬಾಯಿ ಬಾಗಿಲು ಮುಚ್ಚಿ ಕೇಳಿದ್ದು, ನೌಕರಿ ಬಿಡಿಸುತ್ತಾರೆಂದು ಹೆದರಿ ಗೋಡೆಗೆ ಮುಖ ಮಾಡಿದ್ದು, ಎಲ್ಲ. ‘ಅಂಟಿಂದ ಏನೂ ಆಗಿಲ್ಲವ್ವ. ನನ್ನಿಂದ ಆತು.’

ಅವ್ವ ಕೈಯಲ್ಲಿದ್ದ ಅರಿವೆಯನ್ನು ಮಡಚಿದಳು, ಬಿಚ್ಚಿದಳು.

‘ಆ ಕರದಂಟ ಮನಿ ಮುಂದ ಹಾಯೂ ಮುಂದ ನಾ ತೆಲಿ ಎತ್ತಿ ನೋಡಿಲ್ಲ’ ಎಂದಳು. ‘ನನ್ನ ಕೈಯಾಗ ಪಾಪ ಐತಿ ಅಂತ ಇಕಿ ರೇಖಾನ ಹೊಟ್ಟಿ ಸುದ್ದಾ ಮುಟ್ಟಿಲ್ಲ. ನಿನ್ನ ಮಗಳಿಗಿ ಎರಿಯೂ ಮುಂದ ಅಂಜಿ ಅಂಜಿ ಎರದೇನಿ. ಹುಚ್ಚಮೂಳಿ, ಒಂದ ಮಾತ! ಒಂದ ಮಾತ ಹೇಳಾಕ ಏನಾಗಿತ್ತ ನಿನಗ?’

ನಾನು ಅವಳ ಕಾಲು ಹಿಡಿದೆ. ಅವಳು ಕಾಲು ಎಳೆದುಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಸಿಟ್ಟಿನ ದನಿಯಲ್ಲೇ ಕೇಳಿದಳು: ‘ಈಗರ ಅಲ್ಲಿ ಬಾಗಲಾ ಐತೇನ?’

ಈಗ ನನಗೆ ಬೇರೆ ಊರಿಗೆ ವರ್ಗವಾಗಿದೆ. ‘ಈ ಊರಾಗ ಬಾಗಲಾ ಐತವ್ವ. ಚಿಲಕಿಲ್ಲ’ ಎಂದೆ.

‘ನೀರ ಕುಡಿತಿಯೇನ?’

‘ಮನಿಗಿ ಬಂದ ಮ್ಯಾಲೆ ಕುಡಿತೇನಿ’ ಎಂದೆ. ಅವ್ವ ಎದ್ದು ಅಡಿಗೆಮನೆಗೆ ಹೋದಳು.

ಅವ್ವ ಮರುದಿನ ಬೆಳಿಗ್ಗೆ ತಾನೇ ಪೇಟೆಗೆ ಹೋಗಿ ಅಂಟು ತಂದಳು. ಒಂದು ಹರಳು ತುಪ್ಪಕ್ಕೆ ಬಿಟ್ಟು, ತೆಗೆದು, ಎರಡು ಬೆರಳಲ್ಲಿ ಪುಡಿ ಮಾಡಿ ನೋಡಿದಳು. ರೇಖಾ ಅವಳ ಇನ್ನೊಂದು ಕೈ ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅವ್ವ ಆ ಕೈಯನ್ನು ಅಲ್ಲೇ ಬಿಟ್ಟು ಮತ್ತೊಂದು ಕೈಯಿಂದ ಹುರಿದಳು. ನನ್ನ ಜೊತೆ ಮಾತ್ರ ಮಾತಿಲ್ಲ. ನಾಲ್ಕನೆಯ ದಿನ ನಾನು ಹೊರಟಾಗಲೂ ಮಾತಾಡದೆ ಒಂದು ಸ್ಟೀಲಿನ ಡಬ್ಬಿ ಕೈಗೆ ಕೊಟ್ಟಳು.

ಡಬ್ಬಿಯನ್ನು ಡ್ಯೂಟಿಯಲ್ಲಿ ಊಟದ ಹೊತ್ತಿಗೆ ತೆರೆದೆ. ಅಂಟಿನ ಉಂಡೆಗಳು. ಮೇಲಿನ ಸಾಲು ತೆಗೆದಾಗ ಕೆಳಗೆ ಕಾಗದದ ಪುಡಿಕೆ ಸಿಕ್ಕಿತು. ಬಿಚ್ಚಿದರೆ ಹೊಸ ಕಬ್ಬಿಣದ ಚಿಲಕ, ನಾಲ್ಕು ಮೊಳೆ. ನಮ್ಮ ಆಶಾ ಕಾರ್ಯಕರ್ತೆ ಕಲ್ಲಿನಿಂದ ಬಡಿದು ಅದನ್ನು ಪಾಯಖಾನೆಯ ಬಾಗಿಲಿಗೆ ಕೂರಿಸಿದಳು. ನಾನು ಒಳಗೆ ಬಂದು ಒಂದು ತಂಬಿಗೆ ತುಂಬ ನೀರು ಕುಡಿದೆ. ಆಮೇಲೆ ಇನ್ನೊಂದು ಕುಡಿದೆ.